ಶಿಶುಗೃಹಕ್ಕೆ ಕಾನೂನಿನ ಕಾವಲು

ಅಜ್ಜಿಯ ಮಡಿಲು ಊರಿನಲ್ಲೇ ಉಳಿದ ಮಹಾನಗರದ ಸಂಸಾರಗಳಲ್ಲಿ, ದುಡಿಯುವ ತಾಯಿಗೆ ಶಿಶುಗೃಹವೇ ಆಸರೆ. 1948ರ ಕಾರ್ಖಾನೆ ಕಾಯಿದೆಯು 50ಕ್ಕೂ ಹೆಚ್ಚು ಸ್ತ್ರೀಯರು ದುಡಿಯುವೆಡೆ ಗಾಳಿ, ಬೆಳಕು, ನೈರ್ಮಲ್ಯವುಳ್ಳ ಕೋಣೆಯನ್ನೂ ತರಬೇತಿ ಪಡೆದ ಪಾಲಕಿಯನ್ನೂ ಕಡ್ಡಾಯಗೊಳಿಸಿತು. 1976ರಲ್ಲಿ ಆ ಸಂಖ್ಯೆ 30ಕ್ಕಿಳಿಯಿತು. ಪರಿಶೀಲನೆ ಸರ್ಕಾರಿ ಇನ್‌ಸ್ಪೆಕ್ಟರರ ಹೊಣೆಯಾಗಿತ್ತು. ಆದರೆ ಅವರು ಬರುವ ದಿನ ಯಾವ ಕೋಣೆ ತಾನೇ ಕೊಳಕಾಗಿರುತ್ತದೆ?

ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿಯು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಗೃಹವನ್ನು ವಿಧಿಸಿ, ತಾಯಿಗೆ ದಿನಕ್ಕೆ 4 ಬಾರಿ ಹೋಗಿ ಮಗುವನ್ನು ಕಾಣುವ ಹಕ್ಕನ್ನಿತ್ತಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ತೊಳೆಯದ ಹಾಲಿನ ಬಾಟಲಿ, ಬದಲಿಸದ ಒದ್ದೆಬಟ್ಟೆ ಕಾಣುವುದು ಆ ಕಣ್ಣಿಗೇ.

ನೆರೆಮನೆಗಳಲ್ಲಿ ನಡೆಯುವ ಶಿಶುಗೃಹಗಳಿಗೆ ಈ ನಿಯಮ ತಗಲದು. ಅಲ್ಲಿ ಹೆತ್ತವರು ಆಗಾಗ ನಡುಹಗಲಲ್ಲಿ, ಮುಂದಾಗಿ ಹೇಳದೆ, ಹೋಗಿ ನೋಡಿಬರಬೇಕು.