ಬಸ್ಸಿಗೊಂದು ಸ್ಟಾಪು, ಕಬ್ಬಿಣಕ್ಕೊಂದು ಸ್ಟಾಪು!

ಬೆಳಗಾವಿ: ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹತ್ತು ಮಾರು ಮುಂದೆ ಹೋಗಿ ನಿಂತರೆ ಏನಾಗುತ್ತದೆ? ಜನ ಚೀಲ ಹಿಡಿದು ಓಡುತ್ತಾರೆ, ಕಂಡಕ್ಟರನಿಗೆ ನಾಲ್ಕು ಮಾತು ಅನ್ನುತ್ತಾರೆ, ಸೀಟು ಸಿಕ್ಕ ಮೇಲೆ ಮರೆತುಬಿಡುತ್ತಾರೆ. ಆದರೆ ಖಾನಾಪುರ ರಸ್ತೆಯ ಉದ್ಯಮಬಾಗದ ಶೆಡ್ಡುಗಳಲ್ಲಿ, ಮನೆ ಹಿತ್ತಲಲ್ಲಿ ತಗಡು ಹೊದಿಸಿ ಒಂದೇ ಮಶೀನು ಇಟ್ಟುಕೊಂಡವರ ಹತ್ತಿರ, ಈ ಮಾತು ನಡೆಯುವುದಿಲ್ಲ. ಅಲ್ಲಿ ಕಬ್ಬಿಣದ ತುಂಡೊಂದು ತನ್ನ ಸ್ಟಾಪಿನಿಂದ ಕೂದಲೆರಡರಷ್ಟು ಆಚೆ ನಿಂತರೂ ಸಾಕು, ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ!

ಬೆಳಗಾವಿಗೆ ಕಬ್ಬಿಣದ ನಂಟು ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಇದೇ ಊರಿನಲ್ಲಿ. 1910ರಲ್ಲಿ ಅವರು ಕಿರ್ಲೋಸ್ಕರ್‌ವಾಡಿಗೆ ಹೋದರು, ಕಬ್ಬಿಣದ ಗೀಳು ಮಾತ್ರ ಊರಿನಲ್ಲೇ ಉಳಿಯಿತು. ಫೌಂಡ್ರಿ ಬಂದವು, ಲೇತು ಬಂದವು, ಅವುಗಳ ಬೆನ್ನಿಗೆ ಮಿಲ್ಲಿಂಗ್ ಮಶೀನು ಬಂದವು.

ಗಿರಣಿಯಲ್ಲ, ಮಶೀನು

ಮಿಲ್ಲು ಅಂದಕೂಡಲೇ ಹಿಟ್ಟಿನ ಗಿರಣಿ ನೆನಪಾಗುವುದು ಸಹಜ. ಇದು ಬೇರೆ. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಕೊರೆಯುವ ಟೂಲು ತಿರುಗುವುದಿಲ್ಲ. ಮಿಲ್ಲಿಂಗಿನಲ್ಲಿ ಹಲ್ಲಿರುವ ಕಟರು ತಿರುಗುತ್ತದೆ, ಕಬ್ಬಿಣವನ್ನು ವೈಸಿನಲ್ಲಿ ಬಿಗಿದು ಟೇಬಲ್ ಸಮೇತ ಕಟರಿನ ಕೆಳಗೆ ಸರಿಸುತ್ತಾರೆ. ಗಾಡಿ ಬೇಕು, ಸಪಾಟು ಮಾಡಬೇಕು, ತೂತು ಬೇಕು ಎಂದರೆ ಇದೇ ಮಶೀನು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಹಳೇ ಮಶೀನೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದು, ಬಣ್ಣ ಹೊಡೆದು, ಕುಂಕುಮ ಹಚ್ಚಿ ಕೆಲಸ ಶುರು ಮಾಡಿದವರಿಗೇನು ಕಡಿಮೆ ಇಲ್ಲ.

ಒಂದು ತುಂಡು ಮಾಡಿಕೊಡುವುದು ಕಷ್ಟವಲ್ಲ. ಅಳೆದು, ಗೀರಿ, ನಿಧಾನಕ್ಕೆ ಕೊರೆದರೆ ಆಯಿತು. ಕಷ್ಟ ಇರುವುದು ಎರಡನೆಯ ತುಂಡಿನಲ್ಲಿ. ಅದು ಮೊದಲನೆಯದರ ಹಾಗೇ ಇರಬೇಕು. ಇನ್ನೂರನೆಯದೂ ಹಾಗೇ ಇರಬೇಕು. ಫ್ಯಾಕ್ಟರಿಯವರು ದುಡ್ಡು ಕೊಡುವುದು ಆ 'ಹಾಗೇ' ಎಂಬ ಮಾತಿಗೆ!

ಲೆಕ್ಕ ಹಾಕಿ ನೋಡಿ

ಅಂಗಡಿಕಾರರಿಗೆ ಲೆಕ್ಕ ಹೇಳಿಕೊಡಬೇಕೆ? ಆದರೂ ಉದಾಹರಣೆಗೆ ಒಂದನ್ನು ಹಿಡಿಯೋಣ. ಇನ್ನೂರು ತುಂಡು. ಪ್ರತಿಯೊಂದಕ್ಕೂ ತುದಿಯಿಂದ ಸರಿಯಾಗಿ 40 ಮಿಲಿಮೀಟರಿಗೆ ಒಂದು ಗಾಡಿ. ತುಂಡು ತುಂಡಿಗೂ ಅಳೆದು ಕೂಡಿಸಲು 3 ನಿಮಿಷ ಹಿಡಿದರೆ ಬರೀ ಅಳತೆಗೇ 10 ತಾಸು. ಅದೇ, ತಂದು ಒತ್ತಿಟ್ಟು ಬಿಗಿಯಲು ಒಂದು ಗೂಟ ಇದ್ದರೆ ಅರ್ಧ ನಿಮಿಷ ಸಾಕು. ಒಟ್ಟು 1 ತಾಸು 40 ನಿಮಿಷ. ಉಳಿದದ್ದು ಎಂಟು ತಾಸಿಗೂ ಮೇಲೆ, ಅಂದರೆ ಒಂದು ಇಡೀ ಪಾಳಿ.

ಇನ್ನೊಂದು ಮಗ್ಗಲು ನೋಡಿ. ತುಂಡಿಗೆ ಮಜೂರಿ 12 ರೂಪಾಯಿ, ಮಾಲಿನ ಕಿಮ್ಮತ್ತು 90 ರೂಪಾಯಿ ಎಂದಿಟ್ಟುಕೊಳ್ಳಿ. ಇನ್ನೂರರಲ್ಲಿ 20 ಕೆಟ್ಟವು. ಉಳಿದ 180ಕ್ಕೆ ಮಜೂರಿ 2160 ರೂಪಾಯಿ. ಕೆಟ್ಟ ಮಾಲಿಗೆ ಬಿಲ್ಲಿನಲ್ಲಿ ಮುರಿದುಕೊಂಡದ್ದು 1800. ಕೈಗೆ ಬಂದದ್ದು 360! ಕರೆಂಟಿನ ಬಿಲ್ಲು, ಕಟರಿನ ಖರ್ಚು, ಹುಡುಗನ ಪಗಾರ ಇನ್ನೂ ಕೊಟ್ಟಿಲ್ಲ. ಹತ್ತರಲ್ಲಿ ಒಂದು ತಪ್ಪಿದ್ದಕ್ಕೆ ಮನೆಯ ಒಲೆಯೇ ಆರುವ ಪರಿಸ್ಥಿತಿ.

ಇದನ್ನು ತಡೆಯುವ ಗೂಟಕ್ಕೇ ಶೆಡ್ಡಿನಲ್ಲಿ ಸ್ಟಾಪರ್ ಅನ್ನುತ್ತಾರೆ. ಬಡಿಗರು ಒಂದೇ ಉದ್ದದ ರೀಪು ಕೊಯ್ಯುವಾಗ ಹಲಗೆಗೆ ಒಂದು ಕಟ್ಟಿಗೆ ತುಂಡು ಬಡಿದುಕೊಳ್ಳುವುದಿಲ್ಲವೇ? ಬಟ್ಟೆ ಅಂಗಡಿಯವರು ಮೇಜಿನ ಅಂಚಿಗೆ ಮೀಟರಿನ ಗುರುತು ಮಾಡಿಕೊಂಡಿರುವುದಿಲ್ಲವೇ? ಅದೇ ಯುಕ್ತಿ, ಕಬ್ಬಿಣದಲ್ಲಿ.

ಗುಜರಿಯಲ್ಲೇ ಸಾಮಾನು

ಮಾಡಿಕೊಳ್ಳಲು ದೊಡ್ಡ ಖರ್ಚಿಲ್ಲ. ಗುಜರಿಯಲ್ಲಿ ಬಿದ್ದ ಒಂದು ಗೇಣು ದಪ್ಪ ಪಟ್ಟಿ, ಎರಡು ಬೋಲ್ಟು, ಒಂದು ನಟ್ಟು. ವೈಸಿಗೆ ಎರಡು ದವಡೆ. ಒಂದು ಸರಿಯುತ್ತದೆ, ಇನ್ನೊಂದು ಕದಲುವುದಿಲ್ಲ. ಕದಲದ ದವಡೆಯ ಪಕ್ಕದಲ್ಲಿ, ಬೀಡಿನ ಮೈಯಲ್ಲಿ, 6.8 ಮಿಲಿಮೀಟರ್ ಡ್ರಿಲ್ ಹಾಕಿ 8 ಮಿಲಿಮೀಟರ್ ಟ್ಯಾಪ್ ಹೊಡೆಯಬೇಕು. ದವಡೆಗೆ ಕೂಡಿಸಿದ ಪ್ಲೇಟಿಗೆ ಕೈ ಹಾಕಬಾರದು, ಅದಕ್ಕೆ ನೀರು ಕೊಟ್ಟು ಗಟ್ಟಿ ಮಾಡಿರುತ್ತಾರೆ, ಡ್ರಿಲ್ಲೇ ಮುರಿದೀತು. ಪಟ್ಟಿಗೆ ಉದ್ದ ಗಾಡಿ ಹಾಕಿ ಅಲ್ಲಿ ಬಿಗಿದರೆ ಹಿಂದೆ ಮುಂದೆ ಸರಿಸಿಕೊಳ್ಳಬಹುದು. ಪಟ್ಟಿಯ ಆಚೆ ತುದಿಗೆ ಇನ್ನೊಂದು ಬೋಲ್ಟು, ಸಡಿಲಾಗದ ಹಾಗೆ ಅದಕ್ಕೊಂದು ಚೆಕ್‌ನಟ್ಟು. ಜಾಬು ಬಂದು ತಾಗುವುದು ಈ ಬೋಲ್ಟಿನ ಮೂತಿಗೆ.

ಸರಿಯುವ ದವಡೆಗೆ ಮಾತ್ರ ಸ್ಟಾಪರ್ ಕಟ್ಟಬಾರದು. ಅದು ಬಿಗಿದಾಗೊಮ್ಮೆ ಚೂರು ಎದ್ದು ಕೂರುತ್ತದೆ. ಕುಣಿಯುವವನ ಹೆಗಲಿಗೆ ತಕ್ಕಡಿ ತೂಗುಹಾಕಿದ ಹಾಗಾದೀತು.

ವೈಸಿಗೆ ಹಿಡಿಯದಷ್ಟು ಉದ್ದದ ಜಾಬಿದ್ದರೆ? ಟೇಬಲ್ಲಿನ ಟೀ-ಸ್ಲಾಟಿಗೆ ಒಂದು ಗಟ್ಟಿ ಕಬ್ಬಿಣದ ಗಡ್ಡೆ ಬಿಗಿದು, ಅದರಲ್ಲಿ ಒಂದು ಸಳಿ ತೂರಿಸಿ ಸ್ಕ್ರೂ ಕೊಟ್ಟರೆ ಆಯಿತು. ಸಳಿ ಆದಷ್ಟು ಗಿಡ್ಡ ಇರಲಿ. ಉದ್ದ ಚಾಚಿದರೆ ಒತ್ತಿದಾಗ ಬಾಗುತ್ತದೆ, ಬಾಗಿದರೆ ಅಳತೆಯೂ ಬಾಗುತ್ತದೆ.

ಸ್ಟಾಪರ್ ಕೂಡಿಸಿ ಮೊದಲ ಜಾಬು ಸರಿಬಂದ ಮೇಲೆ ಟೇಬಲ್ಲನ್ನು ಆ ದಿಕ್ಕಿಗೆ ಲಾಕು ಮಾಡಿಬಿಡಬೇಕು. ಹಳೇ ಮಶೀನಿನ ಸ್ಕ್ರೂ ಸವೆದಿರುತ್ತದೆ. ಹಿಡಿ ತಿರುಗಿಸಿದರೂ ಟೇಬಲ್ ಸ್ವಲ್ಪ ಹೊತ್ತು ಜಗ್ಗುವುದಿಲ್ಲ. ಲಾಕು ಮಾಡಿದರೆ ಮುದಿ ಮಶೀನಿನ ಆ ಸವಕಲು ಅಳತೆಗೆ ಅಡ್ಡ ಬರುವುದಿಲ್ಲ.

ಸಾಸಿವೆಗಿಂತ ಸಣ್ಣ ವೈರಿ

ಇಷ್ಟೆಲ್ಲ ಮಾಡಿದ ಮೇಲೂ ಮಾಲು ಕೆಡುವುದುಂಟು. ಯಾಕ್ರೀ ಅಂದರೆ, ಕಟರು ಉದುರಿಸುವ ಚೂರು! ಸಾಸಿವೆಗಿಂತ ಸಣ್ಣ ಚೂರೊಂದು ಸ್ಟಾಪರಿಗೂ ಜಾಬಿಗೂ ನಡುವೆ ಸಿಕ್ಕಿಬಿದ್ದರೆ ಜಾಬು 0.2 ಮಿಲಿಮೀಟರ್ ಆಚೆ ನಿಲ್ಲುತ್ತದೆ. ಡ್ರಾಯಿಂಗಿನಲ್ಲಿ ಬಿಟ್ಟ ರಿಯಾಯಿತಿ 0.1 ಇದ್ದರೆ, ಆ ತುಂಡು ಗುಜರಿಗೇ.

ಇದಕ್ಕಾಗಿಯೇ ಬೋಲ್ಟಿನ ಮೂತಿಯನ್ನು ಗ್ರೈಂಡರಿಗೆ ಹಿಡಿದು ಗುಂಡಗೆ ಮಾಡಬೇಕು. ಸಪಾಟು ಮೂತಿಯ ಮೇಲೆ ಚೂರು ಕೂರಲು ಜಾಗ ಸಿಗುತ್ತದೆ, ಗುಂಡು ಮೂತಿಯ ಮೇಲೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಜಾಬಿನ ತುದಿ ತುಸು ಓರೆಯಾಗಿದ್ದರೂ ತಾಗುವ ಜಾಗ ಒಂದೇ. ಮೂತಿ ವೈಸಿನ ತಳಕ್ಕಿಂತ ಎತ್ತರಕ್ಕಿರಲಿ. ಚೂರು ರಾಶಿ ಬೀಳುವುದು ತಳದಲ್ಲಿ. ಕಟರಿನ ದಾರಿಗೆ ಮಾತ್ರ ಅಡ್ಡ ಬರಬಾರದು. ಮಶೀನು ಬಂದ್ ಇಟ್ಟು, ಕೈಯಿಂದ ಒಮ್ಮೆ ಟೇಬಲ್ ಓಡಿಸಿ ನೋಡಿದವನೇ ಜಾಣ.

ಇನ್ನುಳಿದದ್ದು ಕೈಯ ರೂಢಿ. ಗರಗಸದಿಂದ ಬಂದ ತುಂಡಿನ ಅಂಚಿಗೆ ಮುಳ್ಳು ಎದ್ದಿರುತ್ತವೆ, ಮೊದಲು ಅರ ಹಾಕಿ ಸವರಬೇಕು. ಪ್ರತಿ ಸಲವೂ ಬ್ರಷ್ಷಿನಿಂದ ಗುಡಿಸಬೇಕು. ಕಟರು ತಿರುಗುತ್ತಿರುವಾಗ ಕೈ ಹಾಕಬಾರದು, ಕೈಗವಸು ತೊಟ್ಟಂತೂ ಹತ್ತಿರ ಹೋಗಲೇಬಾರದು. ಜಾಬನ್ನು ಸ್ಟಾಪರಿಗೆ ಮೆಲ್ಲಗೆ, ಪ್ರತಿ ಸಲ ಒಂದೇ ಹದದಲ್ಲಿ ಒತ್ತಬೇಕು. ವೈಸು ಬಿಗಿದು ಮ್ಯಾಲೆಟ್ಟಿನಿಂದ ತಟ್ಟಿ ಕೂಡಿಸಿದ ಮೇಲೆ ಜಾಬು ಮೂತಿ ಬಿಟ್ಟು ಸರಿದಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಯಾವ ತುದಿಯಿಂದ ಅಳತೆ ಕೊಟ್ಟಿದ್ದಾರೋ ಅದೇ ತುದಿ ಸ್ಟಾಪರಿಗೆ ತಾಗಬೇಕು. ತುಂಡುಗಳು ಉದ್ದದಲ್ಲಿ ಹೆಚ್ಚು ಕಡಿಮೆ ಇದ್ದರೆ ಆ ವ್ಯತ್ಯಾಸ ಆಚೆ ತುದಿಗೆ ಹೋಗುತ್ತದೆ, ಗಾಡಿ ತನ್ನ ಜಾಗದಲ್ಲೇ ಉಳಿಯುತ್ತದೆ. ಅವಸರದಲ್ಲಿ ಒಂದನ್ನು ಉಲ್ಟಾ ಇಟ್ಟರೆ ಸ್ಟಾಪರ್ ಇದ್ದೂ ಇಲ್ಲದ ಹಾಗೆ.

ಹತ್ತಕ್ಕೊಮ್ಮೆ ವರ್ನಿಯರ್

ಸ್ಟಾಪರಿಗೆ ಬಾಯಿಲ್ಲ. ಕೊಟ್ಟ ಅಳತೆ ಸರಿಯಿದ್ದರೆ ಇನ್ನೂರಕ್ಕೂ ಸರಿ. ನಡುವೆ ಎಲ್ಲೋ ನಟ್ಟು ಸಡಿಲಾಗಿ ಸರಿದರೆ, ಅಲ್ಲಿಂದ ಮುಂದಿನದೆಲ್ಲ ಅಷ್ಟೇ ಶಿಸ್ತಿನಿಂದ ತಪ್ಪು! ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲನೆಯದನ್ನು ಪೂರ್ತಿ ಅಳೆಯಬೇಕು, ಆಮೇಲೆ ಹತ್ತಕ್ಕೊಮ್ಮೆ ವರ್ನಿಯರ್ ಹಚ್ಚಬೇಕು. ಹೀಗೆ ಅಳೆಯುವವನಿಗೆ ಕೆಟ್ಟರೂ ಹತ್ತೇ ಕೆಡುತ್ತವೆ. ಅಳೆಯದವನಿಗೆ ಲಾಟೇ ವಾಪಸು.

ಇದೆಲ್ಲ ಹಳೇ ಕಾಲದ್ದು, ಈಗ ಸಿಎನ್‌ಸಿ ಬಂದಿದೆ ಎನ್ನುವವರೂ ಇದ್ದಾರೆ. ಬಂದಿದೆ, ನಿಜ. ಆದರೆ ಆ ಕಂಪ್ಯೂಟರಿಗೆ ಕಟರು ಎಲ್ಲಿದೆ ಎಂಬುದು ಗೊತ್ತೇ ಹೊರತು, ಹುಡುಗ ಜಾಬನ್ನು ಎಲ್ಲಿಗೆ ಒತ್ತಿ ಬಿಗಿದ ಎಂಬುದು ತಾನಾಗಿ ತಿಳಿಯುವುದಿಲ್ಲ. ಹಾಗಾಗಿ ಲಕ್ಷಗಟ್ಟಲೆ ಸುರಿದು ತಂದ ಮಶೀನಿನ ವೈಸಿಗೂ ಸ್ಟಾಪರ್ ಕಟ್ಟುತ್ತಾರೆ.

ನಾಳೆ ಸಂಜೆ ಖಾನಾಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಎಣ್ಣೆ ಮೆತ್ತಿದ ಅಂಗಿಯವನೊಬ್ಬ ನಿಂತಿದ್ದರೆ ಅವನ ಮುಖ ನೋಡಿ. ಹಗಲೆಲ್ಲ ಸ್ಟಾಪರ್ ಕದಲದೆ ನಿಂತಿದ್ದರೆ, ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತರೂ ಅವನು ನಗುತ್ತಲೇ ಓಡುತ್ತಾನೆ.