‘ಮರೆತುಬಿಡು’ ಅಂದರೆ ಮರೆಯೋಕಾಗುತ್ತಾ? ಮರೆಯೋಕೂ ಗಮನ ಬೇಕು ಅಂತಾರೆ ವಿಜ್ಞಾನಿಗಳು

ಕಳೆದ ಮಳೆಗಾಲದಲ್ಲಿ ಹೆದ್ದಾರಿ ಅಪಘಾತವೊಂದರ ಸುದ್ದಿಗೆ ಹೋಗಿದ್ದೆ. ನುಜ್ಜುಗುಜ್ಜಾದ ಬೈಕ್ ಪಕ್ಕ ಒಂದು ಸ್ಟೀಲ್ ಡಬ್ಬಿ ಬಿದ್ದಿತ್ತು. ಮುಚ್ಚಳ ತೆರೆದು ಚಿತ್ರಾನ್ನ ರಸ್ತೆಗೆ ಚೆಲ್ಲಿತ್ತು. ಸುದ್ದಿ ಕಳಿಸಿದೆ, ಫೋನ್‌ನಲ್ಲಿದ್ದ ಫೋಟೊ ಡಿಲೀಟ್ ಮಾಡಿದೆ. ಆದರೆ ತಲೆಯಿಂದ ಆ ಡಬ್ಬಿ ಹೋಗಲೇ ಇಲ್ಲ. ಊಟಕ್ಕೆ ಕೂತರೂ ಅದೇ ಕಣ್ಣಮುಂದೆ. ‘ಅದನ್ನೇ ಯೋಚ್ನೆ ಮಾಡ್ಬೇಡ, ಮರ್ತುಬಿಡೋ’ ಅಂದಳು ಅಮ್ಮ.

ಮರೀಬೇಕು ಅಂದಷ್ಟೂ ಜಾಸ್ತಿ ನೆನಪಾಗೋದು ಯಾಕೆ? ನಾನು ಮನಃಶಾಸ್ತ್ರ ಓದಿದವನಲ್ಲ, ಡಿಗ್ರಿಯನ್ನೇ ಅರ್ಧಕ್ಕೆ ಬಿಟ್ಟವನು. ಆದರೂ ಈ ಪ್ರಶ್ನೆ ಹಿಡಿದು ಹುಡುಕಿದಾಗ ಗೊತ್ತಾದದ್ದನ್ನು ಇಲ್ಲಿ ಹೇಳ್ತಿದ್ದೇನೆ.

ಬಿಳಿ ಕರಡಿಯ ಕಾಟ

ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ‘5 ನಿಮಿಷ ಮನಸ್ಸಿಗೆ ಬಂದದ್ದೆಲ್ಲ ಹೇಳ್ತಾ ಹೋಗಿ. ಬಿಳಿ ಕರಡಿಯನ್ನು ಮಾತ್ರ ನೆನೆಸಿಕೊಳ್ಳಬೇಡಿ. ನೆನಪಾದರೆ ಗಂಟೆ ಬಾರಿಸಿ’ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ‘ಈಗ ನೆನೆಸಿಕೊಳ್ಳಬಹುದು’ ಅಂದಾಗ, ಮೊದಲಿನಿಂದಲೂ ನೆನೆಸಿಕೊಂಡವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು.

ಇದಕ್ಕೆ ವೆಗ್ನರ್ ಕೊಟ್ಟ ವಿವರಣೆ ಸರಳ. ಮನಸ್ಸಿನ ಒಂದು ಭಾಗ ಆ ಯೋಚನೆಯನ್ನು ದೂಡುತ್ತೆ. ಇನ್ನೊಂದು ಭಾಗ ಅದು ವಾಪಸ್ ಬಂತಾ ಅಂತ ಕಾಯುತ್ತೆ. ಕಳ್ಳನನ್ನು ಹಿಡಿಯೋಕೆ ನಿಂತ ಕಾವಲುಗಾರನಿಗೆ ಕಳ್ಳನ ಮುಖ ನೆನಪಿರಲೇಬೇಕಲ್ಲ, ಹಾಗೆ.

ಮರೆಯೋದೂ ಕೆಲಸವೇ

ಹಾಗಂತ ಬೇಕೆಂದೇ ಮರೆಯೋಕೆ ಸಾಧ್ಯವೇ ಇಲ್ಲ ಅಂತಲ್ಲ. ವಿಜ್ಞಾನಿಗಳು ಪದಗಳನ್ನು ಒಂದೊಂದಾಗಿ ತೋರಿಸಿ, ಪ್ರತಿಯೊಂದರ ನಂತರ ‘ನೆನಪಿಡಿ’ ಅಥವಾ ‘ಮರೆಯಿರಿ’ ಅಂತಾರೆ. ಕೊನೆಗೆ ಎಲ್ಲಾ ಪದಗಳನ್ನೂ ಕೇಳ್ತಾರೆ. ‘ಮರೆಯಿರಿ’ ಅಂದ ಪದಗಳು ನಿಜಕ್ಕೂ ಕಡಿಮೆ ನೆನಪಿರುತ್ತವೆ.

ಮರೆಯೋದು ಅಂದರೆ ಸುಮ್ಮನೆ ಬಿಟ್ಟುಬಿಡೋದು ಅಂತ ನಾವು ಅಂದುಕೊಳ್ತೀವಿ. ಕೆನಡಾದ ಜೊನಾಥನ್ ಫಾಸೆಟ್ ಮತ್ತು ಟ್ರೇಸಿ ಟೇಲರ್ 2008ರಲ್ಲಿ ಇದನ್ನೇ ಪರೀಕ್ಷಿಸಿದರು. ಸೂಚನೆ ಕೊಟ್ಟ ಮೇಲೆ ಪರದೆಯಲ್ಲಿ ಒಂದು ಗುರುತು ಬರುತ್ತೆ, ಕಂಡ ಕೂಡಲೇ ಬಟನ್ ಒತ್ತಬೇಕು. ‘ನೆನಪಿಡಿ’ಗಿಂತ ‘ಮರೆಯಿರಿ’ ಅಂದ ಮೇಲೆ ಬಟನ್ ಒತ್ತೋದು ನಿಧಾನವಾಯ್ತು. ಅಂದರೆ ಆ ಹೊತ್ತಲ್ಲಿ ಮನಸ್ಸು ಖಾಲಿ ಕೂತಿರಲಿಲ್ಲ, ದುಡೀತಿತ್ತು. ಗಮನವನ್ನು ಒಂದರಿಂದ ಕಿತ್ತು ಇನ್ನೊಂದರ ಮೇಲೆ ಇಡೋಕೂ ಶ್ರಮ ಬೇಕು.

ಹದ ತಪ್ಪಬಾರದು

2019ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಟ್ರೇಸಿ ವಾಂಗ್, ಜರಾಡ್ ಲೂಯಿಸ್-ಪೀಕಾಕ್ ತಂಡ ಮಿದುಳಿನ ಸ್ಕ್ಯಾನ್ ಮಾಡಿ ನೋಡಿತು. ಜನರಿಗೆ ಮುಖ, ದೃಶ್ಯಗಳ ಚಿತ್ರ ತೋರಿಸಿ ಕೆಲವನ್ನು ಮರೆಯಲು ಹೇಳಿದರು. ಚಿತ್ರದ ನೆನಪು ಮಿದುಳಲ್ಲಿ ಮಧ್ಯಮ ಮಟ್ಟದಲ್ಲಿ ಚುರುಕಾಗಿದ್ದಾಗ ಮರೆವು ಚೆನ್ನಾಗಿ ಆಯ್ತು. ತೀರಾ ಜೋರಾದರೆ ನೆನಪು ಇನ್ನಷ್ಟು ಗಟ್ಟಿಯಾಗುತ್ತೆ, ತೀರಾ ಕಡಿಮೆಯಾದರೆ ಇದ್ದ ಹಾಗೇ ಉಳಿಯುತ್ತೆ. ಅಂದರೆ ಮರೆಯಬೇಕಾದ್ದರ ಮೇಲೂ ಸ್ವಲ್ಪ ಗಮನ ಹರಿಯಲೇಬೇಕು.

ಹಾಗಾದರೆ ಮಾಡೋದೇನು?

ವೆಗ್ನರ್ ಪ್ರಯೋಗದಲ್ಲೇ ಒಂದು ಸುಳಿವಿದೆ. ಕೆಲವರಿಗೆ ‘ಕರಡಿ ನೆನಪಾದರೆ ಕೆಂಪು ಫೋಕ್ಸ್‌ವ್ಯಾಗನ್ ಕಾರನ್ನು ನೆನೆಸಿಕೊಳ್ಳಿ’ ಅಂದಿದ್ದರು. ಆಮೇಲೆ ಅವರಿಗೆ ಕರಡಿಯ ಕಾಟ ಕಡಿಮೆಯಾಯ್ತು. ‘ಯೋಚ್ನೆ ಮಾಡ್ಬೇಡ’ ಅನ್ನೋದಷ್ಟೇ ಸಾಲದು, ಮನಸ್ಸಿಗೆ ಹಿಡಿದುಕೊಳ್ಳೋಕೆ ಬೇರೆ ಏನಾದರೂ ಕೊಡಬೇಕು. ಅದೂ ಹತ್ತಾರು ಅಲ್ಲ, ಒಂದೇ ಒಂದು.

ನಾನು ಮಾಡಿದ್ದೂ ಹಾಗೇ. ಡಬ್ಬಿ ನೆನಪಾದಾಗ ‘ಹೌದು, ನೋಡಿದ್ದೆ’ ಅಂದುಕೊಂಡು ಅಮ್ಮನ ಜೊತೆ ಸೊಪ್ಪು ಬಿಡಿಸೋಕೆ ಕೂತೆ. ಡಬ್ಬಿ ಈಗಲೂ ನೆನಪಿದೆ, ಆದರೆ ಊಟ ಸೇರ್ತಿದೆ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಪ್ರಯೋಗಾಲಯದ ಪದ, ಚಿತ್ರಗಳೇ ಬೇರೆ. ಮನೆಯವರ ಸಾವು, ಅಪಘಾತ, ದೌರ್ಜನ್ಯದ ನೆನಪೇ ಬೇರೆ. ಅಂಥವರಿಗೆ ‘ಮರೆತುಬಿಡು’ ಅಂತ ಸುಲಭಕ್ಕೆ ಹೇಳಬೇಡಿ. ಕೂತು ಅವರ ಮಾತು ಕೇಳಿ. ನಿದ್ದೆ, ಊಟ, ಕೆಲಸ ಕೆಡುವಷ್ಟು ನೆನಪು ಕಾಡ್ತಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.