ಘಾರಾಪುರಿಯ ಮೆಟ್ಟಿಲೇರುವ ಮುನ್ನ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ದೆಹಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಸರ್ಕಾರಿ ಸೇವೆಯವರೇ ಬಹುಮಂದಿ. ಅವರ ಬಾಳಿನಲ್ಲಿ ಈ ಗಾದೆಯ ಕ್ರಮ ತಿರುವುಮುರುವು. ಮೂವತ್ತೈದು ವರ್ಷ ಕಡತಗಳ ಕೋಶವನ್ನೋದಿ ಮುಗಿಸಿದ ಮೇಲೆಯೇ ದೇಶ ಸುತ್ತುವ ಬಿಡುವು ದೊರಕುವುದು. ಅಷ್ಟರಲ್ಲಿ ಮಂಡಿ ದೂರು ಹೇಳತೊಡಗಿರುತ್ತದೆ. ರಕ್ತದೊತ್ತಡದ ಗುಳಿಗೆ ದಿನಚರಿಯಲ್ಲಿ ಸೇರಿರುತ್ತದೆ.

ದೀಪಾವಳಿ ಕಳೆದು ರಾಜಧಾನಿಯ ಆಕಾಶದಲ್ಲಿ ಹೊಗೆಮಂಜು ಕವಿಯುವ ದಿನಗಳಲ್ಲಿ ವೃದ್ಧರು ಕೆಲಕಾಲವಾದರೂ ದಕ್ಷಿಣದ ಕಡೆಗೆ ಹೋಗಿಬರಲು ಹಂಬಲಿಸುವುದು ಸಹಜ. ಮುಂಬಯಿಯಿಂದ ಹೊರಟು ಗೋವಾ, ಲಕ್ಷದ್ವೀಪಗಳನ್ನು ತೋರಿಸಿ ಮರಳುವ ವಿಹಾರನೌಕೆಗಳು ಈಚಿನ ವರ್ಷಗಳಲ್ಲಿ ಈ ಹಂಬಲಕ್ಕೆ ಹೊಸ ದಾರಿಯಾಗಿವೆ. ನೌಕೆ ಬೆಳಗ್ಗೆ ಮುಂಬಯಿಗೆ ಮರಳುತ್ತದೆ; ದೆಹಲಿಯ ರಾಜಧಾನಿ ಎಕ್ಸ್‌ಪ್ರೆಸ್ ಹೊರಡುವುದು ಸಂಜೆಗೆ. ನಡುವಣ ಏಳೆಂಟು ತಾಸು ಏನು ಮಾಡುವುದು? ತಂಡದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಇಷ್ಟು ದೂರ ಬಂದು ಎಲಿಫೆಂಟಾ ಗುಹೆ ನೋಡದೆ ಹೋಗುವುದೇ?” ಬಂದರಿನ ಗದ್ದಲದಲ್ಲಿ ಐದು ನಿಮಿಷದೊಳಗೆ ನಿರ್ಧಾರವಾಗಿಬಿಡುತ್ತದೆ. ಬೇಡವೆನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ.

ಈ ನಿರ್ಧಾರವನ್ನು ಬಂದರಿನಲ್ಲಿ ಕೈಗೊಳ್ಳತಕ್ಕದ್ದಲ್ಲ. ದೆಹಲಿಯ ಮನೆಯಲ್ಲಿಯೇ, ಪ್ರವಾಸಕ್ಕೆ ತಿಂಗಳೆರಡು ತಿಂಗಳು ಮುಂಚಿತವಾಗಿ, ತಮ್ಮ ತಮ್ಮ ದೇಹವನ್ನು ಕೇಳಿ ಕೈಗೊಳ್ಳತಕ್ಕದ್ದು.

ಅಲ್ಲಿರುವುದೇನು?

ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಮುಂಬಯಿ ಬಂದರಿನ ನಡುವೆ ಇರುವ ದ್ವೀಪವೇ ಘಾರಾಪುರಿ. ಅಲ್ಲಿದ್ದ ಭಾರಿ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಅದನ್ನು ಎಲಿಫೆಂಟಾ ಎಂದು ಕರೆದರು. ಕ್ರಿ.ಶ. ಆರನೆಯ ಶತಮಾನದ ನಡುಭಾಗದಲ್ಲಿ ಬಂಡೆಯನ್ನು ಕೊರೆದು ಮಾಡಿದ ಮುಖ್ಯ ಗುಹಾಲಯದಲ್ಲಿ ಮೂರು ಮುಖಗಳ ಬೃಹತ್ ಸದಾಶಿವ ಮೂರ್ತಿಯಿದೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡಿಗರಿಗೆ ಈ ದ್ವೀಪ ತೀರ ಪರಕೀಯವಲ್ಲ. ಬಾದಾಮಿಯ ಗುಹೆಗಳೂ ಇದೇ ಶತಮಾನದವು. ಅಲ್ಲಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಇಮ್ಮಡಿ ಪುಲಕೇಶಿಯು ನೌಕಾಬಲದೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆಯ ಶಾಸನ ಸಾರುತ್ತದೆ. ಆ ಪುರಿಯೇ ಘಾರಾಪುರಿಯೆಂದು ಕೆಲವು ವಿದ್ವಾಂಸರ ಮತ, ಒಪ್ಪದವರೂ ಉಂಟು. ಅಂತೂ ನೋಡಬೇಕೆಂಬ ಆಸೆ ನ್ಯಾಯವಾದುದೇ.

ಇನ್ನು ದಾರಿಯ ಲೆಕ್ಕ. ದೋಣಿಯ ಪಯಣ ಒಂದು ತಾಸು. ದ್ವೀಪದ ಕಟ್ಟೆಯ ಮೇಲೆ ಸುಮಾರು ಒಂದು ಕಿಲೋಮೀಟರ್ ದಾರಿ. ಅದಕ್ಕೆ ಪುಟ್ಟ ರೈಲುಗಾಡಿಯ ಅನುಕೂಲವಿದೆ. ಆಮೇಲೆ ಸುಮಾರು 120 ಮೆಟ್ಟಿಲು. ನಿಧಾನವಾಗಿ ಏರಿ, ಒಂದು ತಾಸು ನೋಡಿ, ಇಳಿದು, ದೋಣಿಗೆ ಕಾದು ಮರಳುವಷ್ಟರಲ್ಲಿ ಐದು ತಾಸು ಬೇಕು. ಸೋಮವಾರ ಗುಹೆಗಳಿಗೆ ರಜೆ. ಮನಸ್ಸು ಬದಲಾಯಿತೆಂದು ಕೂಡಲೇ ಹಿಂದಿರುಗುವ ಹಾಗಿಲ್ಲ. ನಡುವೆ ಇರುವುದು ಸಮುದ್ರ. ಆ ದ್ವೀಪಕ್ಕೆ ಸಮುದ್ರತಳದ ತಂತಿಯ ಮೂಲಕ ವಿದ್ಯುತ್ತು ಬಂದದ್ದೇ 2018ರಲ್ಲಿ. ದೊಡ್ಡ ಆಸ್ಪತ್ರೆ ಬೇಕಾದರೆ ಒಂದು ತಾಸಿನ ನೀರು ದಾಟಬೇಕು. ಮೆಟ್ಟಿಲುಗಳ ಸಂಖ್ಯೆಯಷ್ಟೇ ಮುಖ್ಯವಾದುದು ಈ ದೂರ.

2024ರ ಡಿಸೆಂಬರ್ 18ರಂದು ಗುಹೆಗಳಿಗೆ ಹೊರಟಿದ್ದ ‘ನೀಲಕಮಲ’ ಎಂಬ ದೋಣಿಗೆ ನೌಕಾಪಡೆಯ ವೇಗದೋಣಿಯೊಂದು ಡಿಕ್ಕಿ ಹೊಡೆದು, ಒಟ್ಟು 15 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ಲೈಫ್ ಜಾಕೆಟ್ ಕಡ್ಡಾಯವೆಂದು ಅಧಿಕಾರಿಗಳು ಸಾರಿದರು. ಸೆಕೆಯೆಂದಾಗಲಿ ನಾಚಿಕೆಯೆಂದಾಗಲಿ ಅದನ್ನು ಪಕ್ಕಕ್ಕಿಡದೆ, ಗೇಟ್‌ವೇಯಿಂದ ಗೇಟ್‌ವೇವರೆಗೆ ಮೈಮೇಲೆಯೇ ಕಟ್ಟಿಕೊಂಡಿರುವುದು ಲೇಸು.

ಒಂದು ಮನೆಯ ಪ್ರಶ್ನೆ

ದ್ವಾರಕೆಯ ಬಹುಮಹಡಿಯ ಸೊಸೈಟಿಯೊಂದರಲ್ಲಿ ವಾಸಿಸುವ ಒಂದು ದಂಪತಿಗಳನ್ನು ಕಲ್ಪಿಸಿಕೊಳ್ಳಬಹುದು; ಇಂಥವರು ಸಂಘದ ಪ್ರತಿಯೊಂದು ಕಾರ್ಯಕ್ರಮದಲ್ಲಿಯೂ ಕಾಣಸಿಗುತ್ತಾರೆ. ಯಜಮಾನರಿಗೆ 71 ವರ್ಷ. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಲಾಗಿದೆ. ಅಂದಿನಿಂದ ‘ನನಗೇನೂ ಇಲ್ಲ’ ಎಂಬುದೇ ಅವರ ಮಾತು. ಮನೆಯಾಕೆಗೆ 65. ಬಾದಾಮಿಯ ಕಡೆಯವರು, ಹುಡುಗಿಯಾಗಿದ್ದಾಗ ಗುಹೆಗಳ ಮೆಟ್ಟಿಲನ್ನು ಓಡಿ ಹತ್ತಿದವರು. ಈಗ ಎರಡೂ ಮಂಡಿಗಳಲ್ಲಿ ಸವೆತ. ಕಾಲು ಪೂರ್ತಿ ಸೋಲುವ ಮೊದಲು ಘಾರಾಪುರಿಯ ಶಿವನನ್ನು ನೋಡಬೇಕೆಂಬುದು ಆಕೆಯ ಆಸೆ.

ತಂಡದವರೆಲ್ಲರ ತೀರ್ಮಾನ ಒಂದೇ: ಯಜಮಾನರು ಬರಲಿ, ಅಮ್ಮ ದಡದಲ್ಲಿ ಕುಳಿತಿರಲಿ. ನೋವು ಕಣ್ಣಿಗೆ ಕಾಣುತ್ತದೆ. ಕುಂಟುವವರನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಮಂಡಿ ಗಟ್ಟಿಯಾಗಿ ಕೂಗುವ ಅಂಗ, ಹೃದಯ ಮಿತಭಾಷಿ. ಅಪಾಯವಿರುವುದು ಎಷ್ಟೋ ಸಲ ಕೂಗದಿರುವ ಕಡೆಯಲ್ಲಿ.

ಮೆಟ್ಟಿಲ ಪರೀಕ್ಷೆ

ಇದನ್ನು ತಿಳಿಯಲು ಸುಲಭವಾದ ಉಪಾಯ ಮನೆಯ ಬಾಗಿಲಲ್ಲಿಯೇ ಇದೆ. ಒಂದು ಅಂತಸ್ತಿಗೆ ಸಾಮಾನ್ಯವಾಗಿ 18ರಿಂದ 20 ಮೆಟ್ಟಿಲು. ಆದ್ದರಿಂದ ಘಾರಾಪುರಿಯ ಏರು ಸುಮಾರು ಆರು ಅಂತಸ್ತಿಗೆ ಸಮ. ಲಿಫ್ಟ್ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಮೊದಲ ದಿನ ಎರಡು ಅಂತಸ್ತು, ಕೆಲವು ದಿನಗಳ ಬಳಿಕ ಮೂರು, ಹೀಗೆ ಹೆಚ್ಚಿಸುತ್ತ ನೋಡಬೇಕು. ಹೃದ್ರೋಗ ಇದೆಯೆಂದು ಮೊದಲೇ ತಿಳಿದವರು ವೈದ್ಯರನ್ನು ಕೇಳಿಯೇ ಇದಕ್ಕೆ ತೊಡಗಬೇಕು. ವಾಯುಗುಣಮಟ್ಟದ ಸೂಚ್ಯಂಕ 300 ದಾಟಿದ ದಿನ ಈ ಸಾಹಸ ಸಲ್ಲದು.

ಏರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗುತ್ತಿದ್ದರೆ ಶ್ರಮ ಮಿತಿಯಲ್ಲಿದೆಯೆಂದು ತಿಳಿಯಬಹುದು. ಎರಡು ಪದಕ್ಕೊಮ್ಮೆ ಉಸಿರು ಕಟ್ಟಿದರೆ ನಿಲ್ಲಬೇಕು. ನಾಡಿಯನ್ನು ಎಣಿಸಿ ನಿಶ್ಚಿಂತರಾಗುವುದು ಎಲ್ಲರಿಗೂ ಹೊಂದದು. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಔಷಧಿಗಳನ್ನು ಸೇವಿಸುವವರಲ್ಲಿ ಶ್ರಮ ಹೆಚ್ಚಿದರೂ ನಾಡಿ ಅದಕ್ಕೆ ತಕ್ಕಂತೆ ಏರುವುದಿಲ್ಲ. ಎದೆಯಲ್ಲಿ ಬಿಗಿತ, ದವಡೆಗೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡುಬಂದು ಕುಳಿತ ಮೇಲೂ ಶಮನವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ತ್ರೀಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರಿಯ ಆಯಾಸ, ಏದುಸಿರು, ಓಕರಿಕೆಗಳ ರೂಪದಲ್ಲಿಯೂ ಹೃದಯದ ತೊಂದರೆ ತಲೆದೋರಬಹುದು.

ದ್ವಾರಕೆಯ ದಂಪತಿಗಳೂ ಹೀಗೆಯೇ ಮಾಡಿದರು. ಮನೆಯಾಕೆ ಕಟಕಟೆ ಹಿಡಿದು, ಪ್ರತಿ ಅಂತಸ್ತಿನಲ್ಲಿ ನಿಂತು, ಮೂರು ವಾರದಲ್ಲಿ ಆರನ್ನೂ ಮುಟ್ಟಿದರು. ಯಜಮಾನರು ನಾಲ್ಕನೆಯದರಲ್ಲಿ ನಿಂತು ಕಿಟಕಿಯ ಹೊರಗೆ ನೋಡತೊಡಗಿದರು. “ಧೂಳು ಜಾಸ್ತಿ” ಎಂದರು. ಮಾರನೆಯ ದಿನವೂ ನಾಲ್ಕನೆಯದರಲ್ಲಿಯೇ ಧೂಳು ಜಾಸ್ತಿಯಾಯಿತು. ಆಕೆ ಏನೂ ಹೇಳದೆ ವೈದ್ಯರ ಸಮಯ ಗೊತ್ತುಮಾಡಿದರು.

ಪರೀಕ್ಷೆಗಳಾದವು, ಔಷಧಿ ಬದಲಾಯಿತು. ಕೆಲವು ವಾರಗಳ ಮೇಲೆ ಮತ್ತೆ ನೋಡಿದ ವೈದ್ಯರು ಹೇಳಿದ್ದು ಇಷ್ಟೇ: ಹಡಗಿನಲ್ಲಿ ಹೋಗಬಹುದು, ಅಲ್ಲಿ ವೈದ್ಯರಿರುತ್ತಾರೆ. ಆಸ್ಪತ್ರೆಯಿಂದ ಒಂದು ತಾಸಿನ ನೀರಿನಾಚೆ ಮೆಟ್ಟಿಲೇರುವುದು ಈ ವರ್ಷ ಬೇಡ.

ಏರುವುದು ಯಾರಿಗೆ ಕಷ್ಟ, ಇಳಿಯುವುದು ಯಾರಿಗೆ?

ಹೃದಯಕ್ಕೂ ಶ್ವಾಸಕೋಶಕ್ಕೂ ಏರುವುದು ಭಾರ. ಮಂಡಿಗೆ ಇಳಿಯುವುದು ಭಾರ. ಇಳಿಯುವಾಗ ಮೈಭಾರವನ್ನು ಪ್ರತಿ ಹೆಜ್ಜೆಯಲ್ಲೂ ಬಾಗಿದ ಮಂಡಿಯೇ ತಡೆದು ಹಿಡಿಯಬೇಕಾಗುತ್ತದೆ. ‘ಹತ್ತಿದ್ದಾಯಿತು, ಇನ್ನೇನು’ ಎನ್ನುವಲ್ಲಿಯೇ ಮಂಡಿನೋವಿನವರು ಮುಗ್ಗರಿಸುತ್ತಾರೆ. ಏರುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಊರುಗೋಲು ನೋಯುವ ಕಾಲಿನ ಎದುರು ಕೈಯಲ್ಲಿ. ಇದು ನೆನಪಿಡಲು ಸುಲಭವಾದ ಸೂತ್ರ.

ಘಾರಾಪುರಿಯಲ್ಲಿ ಕುರ್ಚಿಯನ್ನು ಕಟ್ಟಿದ ಡೋಲಿಯನ್ನು ಹೊರುವವರಿದ್ದಾರೆ. ಮಂಡಿನೋವಿನವರು ನಿಧಾನವಾಗಿ ನಡೆದು ಏರಿ, ಡೋಲಿಯಲ್ಲಿ ಇಳಿಯುವುದು ಬುದ್ಧಿವಂತಿಕೆ. ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಆದರೆ ನಮ್ಮವರಿಗೆ ಅಡ್ಡಬರುವುದು ಬಾಡಿಗೆಯಲ್ಲ, ಅಪಶಕುನದ ಭಾವನೆ.

“ಜೀವ ಇದ್ದಾಗ ನಾಕು ಮಂದಿ ಹೆಗಲ ಮ್ಯಾಲೆ ಹೋಗೂದೇನ್ರಿ?” ಎಂದು ಮನೆಯಾಕೆ ಕೇಳಿದರು.

“ಉತ್ಸವಮೂರ್ತಿ ಪಲ್ಲಕ್ಕಿಯೊಳಗ ಕೂಡೂದಿಲ್ಲೇನು? ಅಪಶಕುನ ಅಂತ ಯಾರರ ಅಂದಾರೇನು?” ಎಂದರು ಯಜಮಾನರು. ತಮ್ಮ ಸರದಿ ತಪ್ಪಿಹೋದ ಬೇಸರದಲ್ಲಿಯೂ ಅವರಿಗೆ ಈ ಮಾತು ಹೊಳೆದದ್ದು ದೊಡ್ಡದು.

ಹಡಗಿನಿಂದಿಳಿದ ದೇಹ

ನಾಲ್ಕಾರು ದಿನ ನೀರಿನ ಮೇಲಿದ್ದು ಇಳಿದವರಿಗೆ ನೆಲವೇ ತೂಗಿದಂತೆ ಭಾಸವಾಗುವುದುಂಟು. ಕೆಲವು ತಾಸು, ಒಮ್ಮೊಮ್ಮೆ ಒಂದೆರಡು ದಿನ ಇದು ಉಳಿಯಬಹುದು. ರೋಗವೇನಲ್ಲ; ಆದರೆ ಆ ಸ್ಥಿತಿಯಲ್ಲಿ ಮೆಟ್ಟಿಲೇರುವವರು ಕೈಯಾಸರೆ ಬಿಡಬಾರದು. ಗೇಟ್‌ವೇ ಬಳಿ ತೂಗಾಡುವ ದೋಣಿಗೆ ಕಾಲಿಡುವಾಗಲಂತೂ ಇಬ್ಬರ ಆಸರೆ ಬೇಕು.

ನೌಕೆಯ ಕೊನೆಯ ಬೆಳಗಿನ ಉಪಾಹಾರ ಹಿತಮಿತವಾಗಿರಲಿ. ಹೊಟ್ಟೆ ಬಿರಿಯ ಉಂಡ ಕೂಡಲೇ ಏರುವುದು ಹೃದಯಕ್ಕೆ ಇಮ್ಮಡಿ ಹೊರೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ಸೇವಿಸುವವರು ಉಪವಾಸವಿದ್ದು ನಡೆಯಲೂ ಬಾರದು. ಗ್ಲೂಕೋಸ್ ಅಥವಾ ಸಕ್ಕರೆ ಜೇಬಿನಲ್ಲಿರಲಿ. ದೋಣಿಯ ಓಕರಿಕೆಗೆಂದು ನುಂಗುವ ಪ್ರೊಮೆಥಜೀನ್ ಮುಂತಾದ ಗುಳಿಗೆಗಳು ತೂಕಡಿಕೆ ತರುತ್ತವೆ; ಪ್ರಾಸ್ಟೇಟ್ ತೊಂದರೆಯುಳ್ಳವರಲ್ಲಿ ಮೂತ್ರ ಕಟ್ಟಿಸಬಹುದು. ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿರುವುದೇ ಮೊದಲ ಚಿಕಿತ್ಸೆ. ಶೌಚಾಲಯದ ಚಿಂತೆಯಿಂದ ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಮುಂಬಯಿಯ ಸೆಕೆಯಲ್ಲಿ ತಲೆಸುತ್ತಿ ಬೀಳುವ ಸಂಭವವುಂಟು.

ಗುಹೆಯ ಬಾಯಲ್ಲಿ ಇನ್ನೊಂದು ಎಚ್ಚರ. ಹೊರಗಿನ ಪ್ರಖರ ಬಿಸಿಲಿನಿಂದ ಒಳಗಿನ ಮಬ್ಬಿಗೆ ಹೊಂದಿಕೊಳ್ಳಲು ವಯಸ್ಸಾದ ಕಣ್ಣಿಗೆ ಹೆಚ್ಚು ಸಮಯ ಬೇಕು. ಹೊಸ್ತಿಲಲ್ಲಿ ಒಂದೆರಡು ನಿಮಿಷ ನಿಂತು ಒಳಗೆ ಅಡಿಯಿಡಬೇಕು. ಬೈಫೋಕಲ್ ಕನ್ನಡಕದ ಕೆಳಗಿನ ಭಾಗದಿಂದ ಮೆಟ್ಟಿಲು ಮಸುಕಾಗಿ ಕಾಣುವುದರಿಂದ ಇಳಿಯುವಾಗ ತಲೆ ಬಗ್ಗಿಸಿ ನೋಡಬೇಕು.

ಬೇರೆಡೆಗೂ ಇದೇ ಅಳತೆ

ಎಲ್.ಟಿ.ಸಿ. ಪಡೆದು ಅಂಡಮಾನಿಗೆ ಹೋಗುವ ಕುಟುಂಬಗಳಿಗೆ ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ ಇದೇ ಪ್ರಶ್ನೆಯನ್ನೊಡ್ಡುತ್ತದೆ. ಅಲ್ಲಿ ಮೆಟ್ಟಿಲ ಸಾಲಿಲ್ಲ. ಆದರೆ ಜಾರವಾ ಮೀಸಲು ಅರಣ್ಯದ ಮೂಲಕ ಗೊತ್ತಾದ ವೇಳೆಗೆ ಮಾತ್ರ ವಾಹನಗಳ ಸಾಲು ಬಿಡುತ್ತಾರೆ. ಆ ಬಳಿಕ ಕಾಂಡ್ಲಾ ಕಾಡಿನ ನಡುವೆ ದೋಣಿ, ಬೆವರಿಳಿಸುವ ನಡಿಗೆ. ಬೇಕೆಂದಾಗ ಮರಳಲು ಆಗದು. ಎಷ್ಟು ಏರಬೇಕು, ಎಷ್ಟು ಹೊತ್ತು ಬೇಕು, ಸಹಾಯ ಎಷ್ಟು ದೂರ ಎಂಬ ಮೂರನ್ನು ಎಲ್ಲಿಯಾದರೂ ಕೇಳಿಕೊಳ್ಳಬೇಕು. ಬಾವಲಿಗಳು ತುಂಬಿದ ಮುಚ್ಚಿದ ಗುಹೆಗಳಲ್ಲಿ ಹಿಕ್ಕೆಯ ಧೂಳಿನಿಂದ ಶಿಲೀಂಧ್ರದ ಸೋಂಕು ತಗುಲಬಹುದಾದ್ದರಿಂದ, ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ ಸೇವಿಸುವವರು ಅಂಥಲ್ಲಿ ಹೋಗದಿರುವುದೇ ಕ್ಷೇಮ.

ಬೇಡವೆಂದವರಿಗೆ ಏನುಂಟು?

ಹೋಗದಿರುವುದು ಸೋಲಲ್ಲ. ಆ ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಾನೆ ಈಗ ದ್ವೀಪದಲ್ಲಿಲ್ಲ. ಮುಂಬಯಿಯ ಬೈಕಲಾದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿ, ಸಮತಟ್ಟಾದ ನೆಲದ ಮೇಲೆ ನಿಂತಿದೆ. ಮುಂಬಯಿ ಸೆಂಟ್ರಲ್ ನಿಲ್ದಾಣಕ್ಕೂ ಅದು ಹತ್ತಿರ. ಬುಧವಾರ ಮಾತ್ರ ಅಲ್ಲಿ ರಜೆ.

ನೌಕೆ ಮರಳಿದ ದಿನ ದ್ವಾರಕೆಯ ಯಜಮಾನರು ಹೋದದ್ದು ಅಲ್ಲಿಗೆ. ಮನೆಯಾಕೆ ತಂಡದ ಇಬ್ಬರು ಹೆಂಗಸರೊಡನೆ ದ್ವೀಪಕ್ಕೆ ಹೋದರು. ಹತ್ತುವಾಗ ಕಾಲ್ನಡಿಗೆ, ಇಳಿಯುವಾಗ ಡೋಲಿ. ಸಂಜೆ ರಾಜಧಾನಿ ಎಕ್ಸ್‌ಪ್ರೆಸ್ಸಿನಲ್ಲಿ ಎದುರುಬದುರು ಕುಳಿತಾಗ ಆಕೆ ಮೂರು ಮುಖಗಳನ್ನು ಬಣ್ಣಿಸಿದರು. ಅವರು ಆನೆಯ ಕಥೆ ಹೇಳಿದರು. ಊಟ ಬರುವ ಮೊದಲು ಅವರ ಗುಳಿಗೆಯ ಡಬ್ಬಿ ಆಕೆಯ ಚೀಲದಿಂದ ಹೊರಬಂತು. ಮುಂದಿನ ವರ್ಷ ವೈದ್ಯರು ಒಪ್ಪಿದರೆ ಅವರ ಸರದಿ. ಅಷ್ಟರವರೆಗೆ ಸೊಸೈಟಿಯ ಮೆಟ್ಟಿಲುಗಳಿವೆ. ವೈದ್ಯರು ಹೇಳಿದಷ್ಟು, ದಿನಕ್ಕೊಂದಿಷ್ಟು.